ಬಚ್ಚಲಿಗೆ ಬರುವ ಸಿಂಬಳದ ಹುಳು: ಹುಳುವಿಗಿಂತ ವಿಷಕ್ಕೆ ಅಂಜಿ

ಮಳೆಗಾಲ ಬಂತೆಂದರೆ ನೆಗಡಿ, ಕೆಮ್ಮು, ವಾಂತಿಭೇದಿಗಳ ಜೊತೆಗೆ ಕೆಲವು ಪ್ರಶ್ನೆಗಳೂ ವೈದ್ಯರ ಕೊಠಡಿಗೆ ಬರುತ್ತವೆ. ಅವುಗಳಲ್ಲಿ ಒಂದು ಬಚ್ಚಲುಮನೆಯ ಹುಳುವಿನದು. ರಾತ್ರಿ ದೀಪ ಹಾಕಿದರೆ ಮೋರಿಯ ಬಳಿಯಲ್ಲೋ, ಗೋಡೆಯ ಬುಡದಲ್ಲೋ ಬೆರಳುದ್ದದ ಕಪ್ಪನೆಯ, ಮೆತ್ತಗಿನ ಹುಳು ಅಂಟಿಕೊಂಡಿರುತ್ತದೆ. ಬೆಳಿಗ್ಗೆ ನೋಡಿದರೆ ಹುಳು ಇಲ್ಲ. ಅದು ಹರಿದ ದಾರಿಯಲ್ಲಿ ಬೆಳ್ಳಗೆ ಹೊಳೆಯುವ ಗೆರೆ ಮಾತ್ರ ಇರುತ್ತದೆ. ‘ಇದು ಕಚ್ಚುತ್ತದೆಯೇ?’, ‘ಇದರ ಲೋಳೆ ವಿಷವೇ?’, ‘ಅಂಬೆಗಾಲಿಡುವ ಮಗು ಇರುವ ಮನೆ, ಏನು ಹಾಕಿ ಸಾಯಿಸಬೇಕು?’ ಎಂದು ತಾಯಂದಿರು ಕೇಳುತ್ತಾರೆ.

ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಸುಲಭ. ಇದು ಕಚ್ಚುವುದಿಲ್ಲ, ಇದರ ಲೋಳೆ ವಿಷವೂ ಅಲ್ಲ. ಮೂರನೆಯ ಪ್ರಶ್ನೆಯೇ ಯೋಚಿಸಬೇಕಾದದ್ದು. ಏಕೆಂದರೆ ಈ ಹುಳುವಿನಿಂದ ಬರುವ ಕಾಯಿಲೆ ಬಹಳ ಅಪರೂಪ. ಹುಳುವನ್ನು ಸಾಯಿಸಲೆಂದು ಮನೆಯೊಳಗೆ ತಂದಿಡುವ ವಸ್ತುಗಳಿಂದ ಆಗುವ ಅನಾಹುತ ಅಷ್ಟು ಅಪರೂಪವಲ್ಲ. ಈ ವಾರ ಇವೆರಡನ್ನೂ ಸ್ವಲ್ಪ ವಿವರವಾಗಿ ನೋಡೋಣ.

ಯಾವುದು ಈ ಹುಳು?

ಗದ್ದೆ ತೋಟಗಳಲ್ಲಿ ಶಂಖದಂಥ ಚಿಪ್ಪು ಹೊತ್ತು ಸಾಗುವ ಬಸವನ ಹುಳು ಎಲ್ಲರಿಗೂ ಗೊತ್ತು. ಸಿಂಬಳದ ಹುಳು ಅದರ ದಾಯಾದಿ. ಇದರ ಬೆನ್ನ ಮೇಲೆ ಚಿಪ್ಪಿಲ್ಲ, ಅಷ್ಟೇ ವ್ಯತ್ಯಾಸ. ಇಂಗ್ಲಿಷಿನಲ್ಲಿ ಸ್ಲಗ್ ಎನ್ನುತ್ತಾರೆ. ಇವುಗಳಲ್ಲಿ ಅನೇಕ ಜಾತಿಗಳಿವೆ. ಮನೆಯಂಗಳದಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಜಾತಿಗೆ ಲೇವಿಕಾಲಿಸ್ ಆಲ್ಟೆ ಎಂದು ಹೆಸರು. ಇದು ಚಪ್ಪಟೆಯಾಗಿ, ಕಪ್ಪು ಅಥವಾ ಕಡುಕಂದು ಬಣ್ಣದ್ದಾಗಿರುತ್ತದೆ. ಬೆನ್ನ ನಡುವೆ ಉದ್ದಕ್ಕೂ ತಿಳಿ ಬಣ್ಣದ ಒಂದು ಗೆರೆ ಇರುತ್ತದೆ. ಮುಟ್ಟಿದರೆ ಸುರುಟಿಕೊಳ್ಳುತ್ತದೆ.

ಕೆಲವರು ಇದನ್ನು ಜಿಗಣೆ ಎಂದು ತಿಳಿದು ಗಾಬರಿಯಾಗುತ್ತಾರೆ. ಜಿಗಣೆ ರಕ್ತ ಹೀರುವ ಪ್ರಾಣಿ. ಸಿಂಬಳದ ಹುಳುವಿಗೆ ರಕ್ತ ಬೇಡ. ಎಳೆಯ ಸೊಪ್ಪು, ಕೊಳೆತ ಎಲೆ, ಮೋರಿಯಲ್ಲಿ ಸಿಕ್ಕಿಕೊಂಡ ಅನ್ನದ ಅಗುಳು, ನಾಯಿಯ ತಟ್ಟೆಯಲ್ಲಿ ಉಳಿದ ಆಹಾರ ಇವೇ ಅದಕ್ಕೆ ಸಾಕು.

ಇದರ ಮೈಯ ಬಹುಪಾಲು ನೀರು. ಚಿಪ್ಪಿನ ರಕ್ಷಣೆ ಇಲ್ಲದ್ದರಿಂದ ಬಿಸಿಲಿಗೆ ಬಿದ್ದರೆ ಒಣಗಿ ಸಾಯುತ್ತದೆ. ಆದ್ದರಿಂದಲೇ ಹಗಲೆಲ್ಲ ಕಲ್ಲು, ಹೂಕುಂಡ, ಕಟ್ಟಿಗೆ ರಾಶಿಗಳ ಅಡಿಯಲ್ಲಿ ಅಡಗಿದ್ದು ರಾತ್ರಿ ಹೊರಡುತ್ತದೆ. ಒಂದೊಂದು ಹುಳುವಿನಲ್ಲಿಯೂ ಗಂಡು ಹೆಣ್ಣು ಎರಡೂ ಅಂಗಗಳಿರುತ್ತವೆ. ತೇವದ ಮಣ್ಣಿನಲ್ಲಿ ಗುಂಪಾಗಿ ಮೊಟ್ಟೆ ಇಡುತ್ತದೆ. ಹಿತ್ತಲಿನಲ್ಲಿ ಕೆಲವೇ ಹುಳುಗಳಿದ್ದರೂ ಒಂದೇ ಮಳೆಗಾಲದಲ್ಲಿ ಸಂತಾನ ಬೆಳೆಯುವುದು ಹೀಗೆ.

ಬಯಲುಸೀಮೆಗೆ ಇದೇಕೆ?

‘ಮಲೆನಾಡಿನಲ್ಲಿ ಇರಲಿ, ನಮ್ಮ ದಾವಣಗೆರೆಗೆ ಇದೇಕೆ?’ ಎಂದು ಕೇಳುವವರಿದ್ದಾರೆ. ನಮ್ಮದು ಮಳೆ ಕಡಿಮೆ ಇರುವ ಸೀಮೆ ನಿಜ. ಆದರೆ ಭದ್ರಾ ನಾಲೆಯ ನೀರು ಬಂದ ಮೇಲೆ ಊರಿನ ಸುತ್ತ ಭತ್ತದ ಗದ್ದೆ, ಅಡಿಕೆ ತೋಟಗಳು ಹಬ್ಬಿದವು. ನೆಲದಲ್ಲಿ ತೇವ ನಿಂತಿತು. ಈಗ ಹೊಸ ಬಡಾವಣೆಗಳು ಎದ್ದಿರುವುದು ಹೆಚ್ಚಾಗಿ ಊರಂಚಿನ ಹೊಲಗದ್ದೆಗಳ ಜಾಗದಲ್ಲಿಯೇ. ಪಕ್ಕದ ಖಾಲಿ ಸೈಟಿನಲ್ಲಿ ಸೊಂಟದೆತ್ತರ ಹುಲ್ಲು, ಮುಂದುಗಡೆ ಕಟ್ಟಿಕೊಂಡ ಚರಂಡಿ, ಹಿಂದುಗಡೆ ಸೋರುವ ನಲ್ಲಿ ಇದ್ದರೆ ಹುಳುವಿಗೆ ಮಲೆನಾಡು ಬೇಕಿಲ್ಲ.

ಹರಿಹರದ ಕಥೆ ಸ್ವಲ್ಪ ಬೇರೆ. ಅಲ್ಲಿ ತುಂಗಭದ್ರೆ ತುಂಬಿ ಹರಿದಾಗ ನದಿ ಪಕ್ಕದ ಗಂಗಾನಗರದಂಥ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗುವುದುಂಟು. 2019ರ ಆಗಸ್ಟ್‌ನಲ್ಲಿ ರಾಜ್ಯದ ಅನೇಕ ನದಿಗಳು ಉಕ್ಕಿ ಹರಿದದ್ದು ಓದುಗರಿಗೆ ನೆನಪಿರಬಹುದು. ನೀರು ಇಳಿದ ಮೇಲೂ ಗೋಡೆ, ನೆಲ ಒಣಗಲು ವಾರಗಟ್ಟಲೆ ಬೇಕು. ಬಿಲಗಳಲ್ಲಿದ್ದ ಇಲಿ ಹೆಗ್ಗಣಗಳು, ಮಣ್ಣಿನಲ್ಲಿದ್ದ ಹುಳುಹುಪ್ಪಟೆಗಳು ಒಣ ಜಾಗ ಹುಡುಕಿಕೊಂಡು ಮೇಲೆ ಬರುತ್ತವೆ. ಹುಳು ಮತ್ತು ಇಲಿ ಎರಡನ್ನೂ ಒಟ್ಟಿಗೆ ಹೇಳಿದ್ದಕ್ಕೆ ಕಾರಣವಿದೆ. ಅದನ್ನು ಮುಂದೆ ನೋಡೋಣ.

ಮುಟ್ಟಿದರೆ ಏನಾಗುತ್ತದೆ?

ಏನೂ ಆಗುವುದಿಲ್ಲ. ಕಾಲಿನ ಮೇಲೆ ಹರಿದರೆ ಗಾಯವಾಗುವುದಿಲ್ಲ. ತೊನ್ನು, ಕಜ್ಜಿ ಬರುತ್ತದೆ ಎಂಬುದು ಸುಳ್ಳು. ಲೋಳೆ ಮಾತ್ರ ಹಟಮಾರಿ. ನೀರು ತಗುಲಿದರೆ ಇನ್ನಷ್ಟು ಉಬ್ಬಿ ಅಂಟಿಕೊಳ್ಳುತ್ತದೆ. ಆದ್ದರಿಂದ ಮೊದಲು ಒಣ ಕಾಗದದಿಂದ ಅಥವಾ ಹಳೇ ಬಟ್ಟೆಯಿಂದ ಒರೆಸಿ ತೆಗೆದು, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಅದೇ ಕೈಯನ್ನು ತೊಳೆಯದೆ ಬಾಯಿಗೆ, ಕಣ್ಣಿಗೆ ಒಯ್ಯಬಾರದು ಎಂಬುದಷ್ಟೇ ಎಚ್ಚರಿಕೆ.

ನಿಜವಾದ ಅಪಾಯ ಇಲಿಯ ಜಂತು

ಹಾಗಾದರೆ ಬಾಯಿಗೆ ಏಕೆ ಒಯ್ಯಬಾರದು? ಇಲಿಗಳ ಶ್ವಾಸಕೋಶದ ರಕ್ತನಾಳಗಳಲ್ಲಿ ವಾಸಿಸುವ ಒಂದು ಸಣ್ಣ ಜಂತು ಇದೆ. 1935ರಲ್ಲಿ ಚೀನಾದ ಕ್ಯಾಂಟನ್ ನಗರದ ಇಲಿಗಳಲ್ಲಿ ಇದನ್ನು ಗುರುತಿಸಿದ್ದರಿಂದ ಆಂಜಿಯೋಸ್ಟ್ರಾಂಜಿಲಸ್ ಕ್ಯಾಂಟೊನೆನ್ಸಿಸ್ ಎಂದು ಹೆಸರು ಬಂತು. ಮನುಷ್ಯರಲ್ಲಿ ಇದರ ಸೋಂಕು ಮೊದಲು ವರದಿಯಾದದ್ದು 1945ರಲ್ಲಿ, ತೈವಾನಿನಿಂದ.

ಈ ಜಂತುವಿನ ಬಾಳು ಎರಡು ಪ್ರಾಣಿಗಳ ನಡುವೆ ಹಂಚಿಹೋಗಿದೆ. ಇಲಿಯ ಎದೆಯಲ್ಲಿ ಮೊಟ್ಟೆಯೊಡೆದ ಮರಿಗಳು ಗಂಟಲಿಗೆ ಬಂದು, ಹೊಟ್ಟೆಗಿಳಿದು, ಹಿಕ್ಕೆಯೊಡನೆ ಹೊರಬೀಳುತ್ತವೆ. ಸಿಂಬಳದ ಹುಳುವೋ ಬಸವನ ಹುಳುವೋ ಆ ಹಿಕ್ಕೆಯನ್ನು ತಿನ್ನುತ್ತದೆ. ಮರಿಗಳು ಹುಳುವಿನ ಮೈಯಲ್ಲಿ ಬೆಳೆಯುತ್ತವೆ. ಆ ಹುಳುವನ್ನು ಇಲಿ ತಿಂದರೆ ಜಂತು ಮತ್ತೆ ತನ್ನ ಮನೆ ಸೇರುತ್ತದೆ. ಮನುಷ್ಯನಿಗೆ ಈ ಚಕ್ರದಲ್ಲಿ ಸ್ಥಾನವೇ ಇಲ್ಲ. ಹುಳುವನ್ನು, ಅಥವಾ ಹುಳುವಿನ ಚೂರು ಸೇರಿದ ಹಸಿ ಸೊಪ್ಪನ್ನು ಯಾರಾದರೂ ತಿಂದರೆ ಮರಿಜಂತುಗಳು ರಕ್ತದ ಮೂಲಕ ಮಿದುಳಿನ ಕಡೆಗೆ ಸಾಗುತ್ತವೆ. ಅಲ್ಲಿ ಮುಂದೆ ಬೆಳೆಯಲಾರದೆ ಸಾಯುತ್ತವೆ. ಆದರೆ ಸಾಯುವಾಗ ಮಿದುಳಿನ ಪೊರೆಯಲ್ಲಿ ಉರಿಯೂತ ಎಬ್ಬಿಸುತ್ತವೆ. ಇದಕ್ಕೆ ಇಯೋಸಿನೋಫಿಲಿಕ್ ಮೆನಿಂಜೈಟಿಸ್ ಎಂದು ಹೆಸರು. ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಬೆನ್ನುಹುರಿಯ ನೀರಿನಲ್ಲಿ ಹೆಚ್ಚಾಗಿ ಕಾಣುವುದರಿಂದ ಈ ಹೆಸರು.

ಇದು ದೂರದ ದೇಶದ ಸುದ್ದಿ ಮಾತ್ರವಲ್ಲ. ಮುಂಬೈಯ ಹೆಗ್ಗಣಗಳಲ್ಲಿ ಈ ಜಂತು ಇರುವುದು 1980ರ ದಶಕದಲ್ಲಿಯೇ ವರದಿಯಾಗಿದೆ. ನೆರೆಯ ಕೇರಳದಿಂದ ರೋಗಿಗಳ ವರದಿಗಳು ಬಂದಿವೆ. ಉಡದ ಹಸಿ ಮಾಂಸವನ್ನು ‘ಔಷಧಿ’ ಎಂದು ತಿಂದವರಲ್ಲಿಯೂ ಇದು ಕಾಣಿಸಿಕೊಂಡಿದೆ. ಉಡವು ಬಸವನ ಹುಳುಗಳನ್ನು ತಿನ್ನುವುದರಿಂದ ಜಂತು ಅದರ ಮಾಂಸದಲ್ಲಿಯೂ ಉಳಿಯುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 2010ರಲ್ಲಿ 19 ವರ್ಷದ ಒಬ್ಬ ಯುವಕ ಗೆಳೆಯರು ಸವಾಲು ಹಾಕಿದರೆಂದು ಸಿಂಬಳದ ಹುಳುವನ್ನು ನುಂಗಿಬಿಟ್ಟ. ಒಂದು ವರ್ಷಕ್ಕೂ ಹೆಚ್ಚು ಕಾಲ ಪ್ರಜ್ಞೆಯಿಲ್ಲದೆ ಮಲಗಿದ. ಎದ್ದ ಮೇಲೂ ಕೈಕಾಲಿನ ಸ್ವಾಧೀನ ಬರಲಿಲ್ಲ. 2018ರಲ್ಲಿ ತೀರಿಕೊಂಡ.

ಇಷ್ಟು ಓದಿ ಭಯಪಡಬೇಡಿ. ಎಲ್ಲ ಹುಳುಗಳಲ್ಲಿಯೂ ಈ ಜಂತು ಇರುವುದಿಲ್ಲ. ಜಂತು ಹೊಟ್ಟೆಗೆ ಹೋದವರಲ್ಲಿಯೂ ಅನೇಕರಿಗೆ ಏನೂ ಆಗುವುದಿಲ್ಲ, ಅಥವಾ ಸ್ವಲ್ಪ ತಲೆನೋವು ಬಂದು ತಾನಾಗಿ ಹೋಗುತ್ತದೆ. ಸಿಡ್ನಿಯ ಯುವಕನಂತೆ ಆಗುವುದು ತೀರ ವಿರಳ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದೂ ಇಲ್ಲ. ನೆನಪಿಡಬೇಕಾದದ್ದು ಇಷ್ಟೇ: ಈ ಹುಳು ಗೋಡೆಯ ಮೇಲಿದ್ದರೆ ಅಪಾಯವಿಲ್ಲ, ಬಾಯಿಗೆ ಬಂದರೆ ಅಪಾಯ.

ಮಗು ಬಾಯಿಗೆ ಹಾಕಿಕೊಂಡರೆ

ಒಮ್ಮೆ ಒಂದೂವರೆ ವರ್ಷದ ಮಗುವನ್ನು ಎತ್ತಿಕೊಂಡು ತಾಯಿ ಮತ್ತು ಅಜ್ಜಿ ಓಡಿ ಬಂದರು. ‘ಹುಳ ಬಾಯಾಗ ಇಟ್ಕಂಡಿತ್ರಿ ಸಾರ್. ಉಪ್ಪುನೀರು ಕುಡಿಸಿ ವಾಂತಿ ಮಾಡ್ಸಿದ್ವಿ. ಈಗ ವಾಂತಿನೇ ನಿಲ್ಲವಲ್ದು’ ಎಂದು ಅಜ್ಜಿ ಅಳುತ್ತಿದ್ದರು. ಹುಳುವನ್ನು ತಾಯಿ ಬಾಯಿಂದ ಇಡಿಯಾಗಿಯೇ ತೆಗೆದಿದ್ದರು. ಮಗು ಬಸವಳಿದದ್ದು ಹುಳುವಿನಿಂದಲ್ಲ, ಲೋಟದ ತುಂಬ ಕುಡಿಸಿದ ಉಪ್ಪುನೀರಿನಿಂದ. ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕಾಯಿತು. ಎರಡು ದಿನಕ್ಕೆ ಸರಿಹೋಯಿತು. ‘ಅಜ್ಜಿ, ನೀವು ಹುಳಕ್ಕೆ ಹಾಕೋ ಮದ್ದನ್ನ ಮಗುವಿಗೆ ಹಾಕಿದ್ದೀರಿ’ ಎಂದಾಗ ಅವರು ತಲೆ ಅಲ್ಲಾಡಿಸಿ ನಕ್ಕರು.

ವಿಷ ಕುಡಿದವರಿಗೆ ಉಪ್ಪುನೀರು ಕುಡಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಅದನ್ನು ಈಗ ಯಾವ ಕಾರಣಕ್ಕೂ ಮಾಡಬಾರದು. ಒಂದೆರಡು ದೊಡ್ಡ ಚಮಚ ಉಪ್ಪು ಸಣ್ಣ ಮಗುವಿನ ರಕ್ತದಲ್ಲಿ ಸೋಡಿಯಂ ಅಂಶವನ್ನು ಅಪಾಯದ ಮಟ್ಟಕ್ಕೆ ಏರಿಸಿ ಫಿಟ್ಸ್ ತರಬಲ್ಲದು. ವಾಂತಿ ಶ್ವಾಸನಾಳಕ್ಕೆ ಹೋದರೆ ಇನ್ನೊಂದು ಗಂಡಾಂತರ.

ಹಾಗಾದರೆ ಮಾಡಬೇಕಾದದ್ದೇನು? ಮಗುವಿನ ಬಾಯಲ್ಲಿ ಉಳಿದಿರುವ ಹುಳುವನ್ನು ಬೆರಳಿಗೆ ಶುದ್ಧ ಬಟ್ಟೆ ಸುತ್ತಿಕೊಂಡು ತೆಗೆಯಿರಿ. ಕಾಣದಿದ್ದರೆ ಗಂಟಲೊಳಗೆ ಬೆರಳು ಹಾಕಬೇಡಿ. ನಾಲಿಗೆ, ಒಸಡುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಬಾಯಿ ಮುಕ್ಕಳಿಸಿ ಉಗುಳಲು ಬರುವ ಮಗುವಾದರೆ ಮುಕ್ಕಳಿಸಲು ಹೇಳಿ. ಕೈ ತೊಳೆಸಿ. ಅಂದಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ನಿಮ್ಮ ವೈದ್ಯರಿಗೆ ತೋರಿಸಿ.

ತಾರೀಖು ಏಕೆಂದರೆ, ತೊಂದರೆ ಬರುವುದಾದರೆ ಅದು ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳ ನಂತರ ಬರುತ್ತದೆ. ಕೆಲವೊಮ್ಮೆ ಆರು ವಾರ ಹಿಡಿಯುವುದೂ ಉಂಟು. ಅಷ್ಟರಲ್ಲಿ ಹುಳುವಿನ ಸಂಗತಿ ಮನೆಯವರಿಗೆ ಮರೆತೇ ಹೋಗಿರುತ್ತದೆ. ದೊಡ್ಡವರಲ್ಲಿ ಬಿಡದ ತಲೆನೋವು, ಕುತ್ತಿಗೆ ಬಿಗಿತ, ವಾಕರಿಕೆ, ವಾಂತಿ, ಮೈಚರ್ಮದಲ್ಲಿ ಜುಮುಗುಟ್ಟುವಿಕೆ ಅಥವಾ ಮುಟ್ಟಿದರೆ ನೋವು ಕಾಣಬಹುದು. ಸಣ್ಣ ಮಕ್ಕಳಿಗೆ ತಲೆನೋವು ಹೇಳಲು ಬರುವುದಿಲ್ಲ. ಜ್ವರ, ಪದೇ ಪದೇ ವಾಂತಿ, ಕಾರಣವಿಲ್ಲದ ರಚ್ಚೆ, ವಿಪರೀತ ಮಂಪರು ಇವೇ ಸೂಚನೆ. ಇಂಥ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ‘ಇಂಥ ತಾರೀಖಿನಂದು ಮಗು ಹುಳು ಬಾಯಿಗೆ ಹಾಕಿಕೊಂಡಿತ್ತು’ ಎಂದು ತಪ್ಪದೆ ಹೇಳಿ. ಆ ಒಂದು ಮಾತು ವೈದ್ಯರಿಗೆ ದಾರಿ ತೋರಿಸುತ್ತದೆ.

ಇನ್ನೊಂದು ಮಾತು. ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ಕರುಳಿನ ಹುಳುಗಳಿಗಾಗಿ ಇರುವಂಥದು. ಇದಕ್ಕೂ ಅದೇ ಸಾಕೆಂದು ನೀವೇ ಅಂಗಡಿಯಿಂದ ತಂದು ನುಂಗಿಸಬೇಡಿ. ಜಂತುಗಳು ಮಿದುಳಿನಲ್ಲಿ ಒಮ್ಮೆಗೇ ಸತ್ತರೆ ಊತ ಹೆಚ್ಚಾಗುವ ಭಯವಿದೆ. ಔಷಧಿ ಬೇಕೋ ಬೇಡವೋ, ಬೇಕಾದರೆ ಯಾವುದರ ಜೊತೆಗೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ರೊಟ್ಟಿಯ ಜೊತೆಗಿನ ಹಸಿ ಸೊಪ್ಪು

ನಮ್ಮ ಕಡೆಯ ಊಟದಲ್ಲಿ ಜೋಳದ ರೊಟ್ಟಿಯ ಜೊತೆಗೆ ಹಕ್ಕರಿಕೆ, ಮೆಂತ್ಯ, ಮೂಲಂಗಿ ಎಲೆ, ಈರುಳ್ಳಿ ಸೊಪ್ಪು ಹಸಿಯಾಗಿಯೇ ತಿನ್ನುವುದು ವಾಡಿಕೆ. ಮಂಡಕ್ಕಿಗೆ ಕೊತ್ತಂಬರಿ ಉದುರಿಸದಿದ್ದರೆ ರುಚಿಯೇ ಇಲ್ಲ. ಹಸಿ ಸೊಪ್ಪು ಆರೋಗ್ಯಕ್ಕೆ ಒಳ್ಳೆಯದೇ, ಬಿಡಬೇಕಾಗಿಲ್ಲ. ಆದರೆ ಮಳೆಗಾಲದ ಸೊಪ್ಪಿನ ಕಟ್ಟಿನಲ್ಲಿ ಎಳ್ಳುಕಾಳಿನಷ್ಟೇ ಇರುವ ಮರಿಹುಳು ಎಲೆಯ ಬೆನ್ನಿಗೆ ಅಂಟಿಕೊಂಡಿದ್ದರೆ ಕಣ್ಣಿಗೆ ಬೀಳುವುದು ಕಷ್ಟ.

ಕಟ್ಟನ್ನು ಬಿಚ್ಚದೆ ಬಕೆಟ್ಟಿನಲ್ಲಿ ಅದ್ದಿ ತೆಗೆದರೆ ತೊಳೆದಂತಾಗಲಿಲ್ಲ. ಬೇರಿನ ಭಾಗ ಕತ್ತರಿಸಿ, ಹಾಳು ಎಲೆ ತೆಗೆದು, ಒಂದೊಂದೇ ಎಲೆಯನ್ನು ಬೆಳಕಿಗೆ ಹಿಡಿದು, ಹರಿಯುವ ನೀರಿನಲ್ಲಿ ಎರಡೂ ಬದಿ ಬೆರಳಾಡಿಸಿ ತೊಳೆಯಬೇಕು. ಉಪ್ಪುನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿಟ್ಟರೆ ಅಡಗಿದ ಹುಳು ಬಿಟ್ಟುಕೊಳ್ಳಲು ಸಹಾಯವಾಗುತ್ತದೆ. ಆದರೆ ಉಪ್ಪುನೀರು, ವಿನೆಗರ್ ಅಥವಾ ಪೊಟಾಸಿಯಂ ಪರಮಾಂಗನೇಟಿನಿಂದ ಜಂತುವಿನ ಮರಿಗಳು ಖಂಡಿತ ಸಾಯುತ್ತವೆ ಎಂದು ನಂಬುವ ಹಾಗಿಲ್ಲ. ಖಂಡಿತವಾದ ಉಪಾಯ ಒಂದೇ, ಅದು ಬೇಯಿಸುವುದು. ನಾಲ್ಕೈದು ನಿಮಿಷ ಚೆನ್ನಾಗಿ ಕುದಿಸಿದರೆ ಮರಿಗಳು ಉಳಿಯುವುದಿಲ್ಲ. ಆದ್ದರಿಂದ ಜಡಿ ಮಳೆಯ ತಿಂಗಳುಗಳಲ್ಲಿ ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಸೊಪ್ಪನ್ನು ಪಲ್ಯ, ಸಾರು ಮಾಡಿಯೇ ಬಡಿಸುವುದು ಒಳಿತು. ಹವಾಯಿ ದ್ವೀಪಗಳಲ್ಲಿ ಈ ಕಾಯಿಲೆ ಆಗಾಗ ಕಾಣಿಸಿಕೊಳ್ಳುವುದರಿಂದ ಅಲ್ಲಿನ ಆರೋಗ್ಯ ಇಲಾಖೆ ಜನರಿಗೆ ಹೇಳುವುದೂ ಇದನ್ನೇ: ಸೊಪ್ಪನ್ನು ನೋಡಿ, ತೊಳೆದು, ಸಾಧ್ಯವಾದರೆ ಬೇಯಿಸಿ ತಿನ್ನಿ.

ವೀಳ್ಯದೆಲೆಗೂ ಇದೇ ಮಾತು. ಎಲೆಬಳ್ಳಿಯ ತೋಟ ಸದಾ ತಂಪು, ಸದಾ ತೇವ. ತೊಡೆಗೆ ಒರೆಸಿಕೊಂಡು ಬಾಯಿಗಿಡುವ ಬದಲು ತೊಳೆದು ಒರೆಸಿಕೊಳ್ಳುವುದು ಮೇಲು.

ಬೆಲ್ಲದ ವಾಸನೆಯ ವಿಷ

ಈಗ ಮೂರನೆಯ ಪ್ರಶ್ನೆಗೆ ಬರೋಣ: ಏನು ಹಾಕಿ ಸಾಯಿಸಬೇಕು? ಗೊಬ್ಬರ, ಔಷಧಿ ಅಂಗಡಿಗಳಲ್ಲಿ ಹುಳುವಿಗೆಂದೇ ವಿಷದ ಹರಳು ಸಿಗುತ್ತದೆ. ಅದರಲ್ಲಿರುವುದು ಸಾಮಾನ್ಯವಾಗಿ ಮೆಟಾಲ್ಡಿಹೈಡ್. ತೋಟದಲ್ಲಿ, ತಿಳಿದವರ ಸಲಹೆಯಂತೆ ಬಳಸಬೇಕಾದ ಪದಾರ್ಥ ಅದು. ಅದನ್ನು ತಂದು ಬಚ್ಚಲಲ್ಲಿ, ತುಳಸಿಕಟ್ಟೆಯ ಬುಡದಲ್ಲಿ, ಅಡುಗೆಮನೆಯ ಸಿಂಕಿನ ಕೆಳಗೆ ಉದುರಿಸುವವರಿದ್ದಾರೆ. ಮಗುವಿನ ಕಣ್ಣಿಗೆ ಆ ಹರಳು ಮಿಠಾಯಿಯಂತೆ ಕಾಣುತ್ತದೆ. ನಾಯಿಗಂತೂ ಅದು ಇಷ್ಟದ ತಿನಿಸು. ಹೊಟ್ಟೆಗೆ ಹೋದ ಕೆಲವೇ ಗಂಟೆಗಳಲ್ಲಿ ಜೊಲ್ಲು ಸುರಿಯುವುದು, ವಾಂತಿ, ಹೊಟ್ಟೆನೋವು, ನಡುಕ, ಕೊನೆಗೆ ಫಿಟ್ಸ್ ಬರಬಹುದು. ಇದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ನಾಯಿಗಳ, ಕಾಡುಪ್ರಾಣಿಗಳ ಜೀವಕ್ಕೆ ಎರವಾಗುತ್ತದೆ ಎಂದು ಬ್ರಿಟನ್ನಿನಲ್ಲಿ 2022ರಿಂದ ಹೊಲತೋಟಗಳಲ್ಲಿ ಇದರ ಬಳಕೆಯನ್ನೇ ನಿಲ್ಲಿಸಿದ್ದಾರೆ.

ಇದಕ್ಕಿಂತ ಭಯಂಕರವಾದದ್ದು ಮನೆಯಲ್ಲೇ ಕಲಸಿಕೊಳ್ಳುವ ವಿಷದ ತೌಡು. ಅಕ್ಕಿ ತೌಡಿಗೆ ಬೆಲ್ಲದ ಪಾಕ ಹಾಕಿ, ಮೆಥೋಮಿಲ್ ಎಂಬ ಕೀಟನಾಶಕ ಬೆರೆಸಿ ಉಂಡೆ ಕಟ್ಟಿ ತೋಟದಲ್ಲಿಡುವ ಪದ್ಧತಿ ಬಹಳ ಕಾಲ ಇತ್ತು. 2023ರಲ್ಲಿ ಕೇಂದ್ರ ಸರ್ಕಾರ ಮೆಥೋಮಿಲ್ಲನ್ನು ನಿಷೇಧಿಸಿದೆ. ಆದರೂ ಅಟ್ಟದ ಮೇಲೆ, ಪಂಪುಮನೆಯ ಮೂಲೆಯಲ್ಲಿ ಹಳೆಯ ಪೊಟ್ಟಣ ಉಳಿದಿರುವ ಮನೆಗಳು ಇರಬಹುದು. ಇಂದೇ ನೋಡಿ. ಬೆಲ್ಲದ ವಾಸನೆಗೆ ಹುಳು ಬರುವಂತೆ ಮಗುವೂ ಬರುತ್ತದೆ, ಕರುವೂ ಬರುತ್ತದೆ. ಈ ವಿಷ ಸೇರಿದರೆ ಬೆವರು, ಜೊಲ್ಲು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಉಸಿರಾಟದ ಕಷ್ಟ ನಿಮಿಷಗಳಲ್ಲಿಯೇ ಕಾಣಬಹುದು. ಸಕಾಲಕ್ಕೆ ಆಸ್ಪತ್ರೆ ತಲುಪಿದರೆ ಅಟ್ರೋಪಿನ್ ಚುಚ್ಚುಮದ್ದಿನಿಂದ ಜೀವ ಉಳಿಸಬಹುದು.

ಯಾವ ವಿಷವೇ ಆಗಲಿ, ಮಗು ತಿಂದ ಅನುಮಾನ ಬಂದರೆ ಮನೆಮದ್ದು ಮಾಡುತ್ತ ಕೂರಬೇಡಿ. ವಾಂತಿ ಮಾಡಿಸಬೇಡಿ, ಹಾಲು ಎಣ್ಣೆ ಕುಡಿಸಬೇಡಿ. ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಹರಿಹರದಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ವಾಹನವಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಉಪ್ಪು, ಬೂದಿ, ಬ್ಲೀಚಿಂಗ್ ಪೌಡರ್

ಹುಳುವಿನ ಮೇಲೆ ಉಪ್ಪು ಹಾಕಿದರೆ ಅದರ ಮೈಯ ನೀರೆಲ್ಲ ಹೊರಬಂದು ಸಾಯುತ್ತದೆ, ನಿಜ. ಆದರೆ ಸಾಯುವ ಮುಂಚೆ ರಾಶಿ ಲೋಳೆ ಬಿಡುತ್ತದೆ. ನೆಲ ಜಾರುತ್ತದೆ. ಕತ್ತಲಲ್ಲಿ ಬಚ್ಚಲಿಗೆ ಹೋದ ಹಿರಿಯರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಒಂದು ಹುಳುವಿಗೆ ತೆತ್ತ ಬೆಲೆ ಬಹಳವಾಯಿತು. ಹೊಸ್ತಿಲಿಗೆ ಉಪ್ಪಿನ ಗೆರೆ, ಬೂದಿಯ ಗೆರೆ ಹಾಕುವುದು ಒಣ ದಿನಗಳಲ್ಲಿ ಸ್ವಲ್ಪ ಕೆಲಸ ಮಾಡುತ್ತದೆ. ಒದ್ದೆಯಾದ ಕೂಡಲೇ ಅದರ ಗುಣ ಹೋಯಿತು. ಹುಳು ಬರುವುದೋ ಒದ್ದೆಯ ದಿನಗಳಲ್ಲಿಯೇ.

ಬ್ಲೀಚಿಂಗ್ ಪೌಡರ್ ಹಾಕಿ, ಸಾಲದೆಂದು ಅದರ ಮೇಲೆ ಬಚ್ಚಲು ತೊಳೆಯುವ ಆಸಿಡ್ ಸುರಿಯುವುದು ಇನ್ನೊಂದು ಅಭ್ಯಾಸ. ಇವೆರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ. ಉಬ್ಬಸ ಇರುವವರಿಗೆ ಪ್ರಾಣಾಪಾಯ. ಇವೆರಡನ್ನು ಎಂದೂ ಬೆರೆಸಬೇಡಿ. ಸೀಮೆಎಣ್ಣೆ, ಫಿನೈಲ್‌ಗಳನ್ನು ತಂಪು ಪಾನೀಯದ ಹಳೇ ಬಾಟಲಿಯಲ್ಲಿ ತುಂಬಿಡಬೇಡಿ. ಬಾಟಲಿ ನೋಡಿ ಮಗು ಕುಡಿಯುತ್ತದೆ.

ಹಾಗಾದರೆ ಕಂಡ ಹುಳುವನ್ನು ಏನು ಮಾಡಬೇಕು? ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡೋ, ಹಳೇ ಇಕ್ಕಳದಿಂದಲೋ ಎತ್ತಿ, ಗಟ್ಟಿ ಉಪ್ಪುನೀರಿರುವ ಮುಚ್ಚಳದ ಡಬ್ಬಿಗೆ ಹಾಕಿ ಮುಚ್ಚಿ. ಡಬ್ಬಿ ಮಕ್ಕಳ ಕೈಗೆ ಸಿಗದಿರಲಿ. ಎರಡು ದಿನ ಬಿಟ್ಟು ಗಿಡಗಳಿಂದ ದೂರ ಮಣ್ಣಿನಲ್ಲಿ ಹೂಳಿ. ಬರಿಗಾಲಿನಿಂದ ತುಳಿದು ಅರೆಯಬೇಡಿ. ಲೋಳೆಯನ್ನು ಕಾಗದದಿಂದ ಒರೆಸಿ, ನೆಲವನ್ನು ಸೋಪಿನ ಬಿಸಿನೀರಿನಿಂದ ತೊಳೆದು ಒಣಗಿಸಿ. ಸತತವಾಗಿ ಎಂಟು ಹತ್ತು ರಾತ್ರಿ ಟಾರ್ಚ್ ಹಿಡಿದು ಹಿತ್ತಲಲ್ಲಿ ಹೀಗೆ ಆರಿಸಿದರೆ ಸಂಖ್ಯೆ ಇಳಿಯುವುದು ನಿಮಗೇ ಕಾಣುತ್ತದೆ. ಸಂಜೆ ಒಂದು ಒದ್ದೆ ಗೋಣಿಚೀಲವನ್ನು ಹಿತ್ತಲಲ್ಲಿ ಹಾಸಿಟ್ಟರೆ ಬೆಳಗಿನ ವೇಳೆಗೆ ಅದರಡಿಯಲ್ಲಿ ಬಂದು ಸೇರಿರುತ್ತವೆ. ಹುಡುಕುವ ಶ್ರಮ ಉಳಿಯುತ್ತದೆ.

ಹುಳು ಬಾರದಂತೆ

ಹುಳು ಬರುವ ದಾರಿಯನ್ನು ಹುಳುವೇ ತೋರಿಸುತ್ತದೆ. ಬೆಳಿಗ್ಗೆ ಲೋಳೆಯ ಗೆರೆ ಎಲ್ಲಿಂದ ಶುರುವಾಗಿದೆ ನೋಡಿ. ಹೆಚ್ಚಾಗಿ ಅದು ಮೋರಿಯ ತೂತು, ಬಾಗಿಲ ಅಡಿಯ ಸಂದು ಅಥವಾ ಪೈಪು ಗೋಡೆಯನ್ನು ತೂರುವ ಜಾಗ.

1. ಬಚ್ಚಲ ಮೋರಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ರಾತ್ರಿ ಮುಚ್ಚಳವಿಡಿ. ಪೈಪಿನ ಸುತ್ತಲಿನ ಬಿರುಕನ್ನು ಸಿಮೆಂಟಿನಿಂದ ಮುಚ್ಚಿಸಿ. ಹಿತ್ತಲ ಬಾಗಿಲ ಅಡಿಗೆ ರಬ್ಬರ್ ಪಟ್ಟಿ ಬಡಿಸಿ.

2. ಮಲಗುವ ಮುಂಚೆ ಬಚ್ಚಲ ನೆಲದ ನೀರನ್ನು ತಳ್ಳಿ ಒಣಗಿಸಿ. ಒದ್ದೆ ಕಾಲೊರಸು, ನೆಲ ಒರೆಸಿದ ಬಟ್ಟೆ ಒಳಗೆ ಬಿಡಬೇಡಿ. ಸೋರುವ ನಲ್ಲಿ ಸರಿಪಡಿಸಿ.

3. ಎಂಜಲು ತಟ್ಟೆ, ನಾಯಿ ಬೆಕ್ಕಿನ ತಟ್ಟೆಗಳನ್ನು ರಾತ್ರಿ ಹಾಗೇ ಬಿಡಬೇಡಿ. ಇದು ಹುಳುವಿಗೂ ಇಲಿಗೂ ಒಟ್ಟಿಗೆ ಉಪವಾಸ.

4. ಹೂಕುಂಡ, ಕಟ್ಟಿಗೆ, ಹಳೇ ಹೆಂಚು, ಇಟ್ಟಿ ರಾಶಿಗಳನ್ನು ಗೋಡೆಯಿಂದ ಎರಡು ಮೂರು ಅಡಿ ದೂರ ಸರಿಸಿ. ಗೋಡೆ ಬುಡದ ಹುಲ್ಲು ಕೀಳಿಸಿ. ಗಿಡಗಳಿಗೆ ಸಂಜೆಯ ಬದಲು ಬೆಳಿಗ್ಗೆ ನೀರು ಹಾಕಿ. ರಾತ್ರಿಯ ಹೊತ್ತಿಗೆ ಮೇಲುಮಣ್ಣು ಒಣಗಿರುತ್ತದೆ.

5. ನಲ್ಲಿ ಬಂದಾಗ ತುಂಬಿಡುವ ಡ್ರಮ್ಮು, ತೊಟ್ಟಿ, ಸಂಪುಗಳಿಗೆ ಬಿಗಿಯಾದ ಮುಚ್ಚಳ ಇರಲಿ. ಹುಳು ಬೀಳುವುದೂ ತಪ್ಪುತ್ತದೆ, ಡೆಂಗಿ ಸೊಳ್ಳೆ ಮೊಟ್ಟೆಯಿಡುವುದೂ ತಪ್ಪುತ್ತದೆ.

6. ಅಂಬೆಗಾಲಿಡುವ ಮಗುವನ್ನು ಬೆಳಿಗ್ಗೆ ನೆಲಕ್ಕೆ ಬಿಡುವ ಮೊದಲು ಒಮ್ಮೆ ನೆಲ ಗುಡಿಸಿ ಒರೆಸಿ. ದೊಡ್ಡ ಮಕ್ಕಳಿಗೆ ‘ನೋಡು, ಮುಟ್ಟಬೇಡ, ಮುಟ್ಟಿದರೆ ಕೈ ತೊಳಿ’ ಎಂದು ಕಲಿಸಿ. ಹೆದರಿಸಬೇಡಿ.

ಎಲ್ಲಕ್ಕಿಂತ ಮುಖ್ಯ, ಇಲಿ ಹೆಗ್ಗಣಗಳನ್ನು ದೂರವಿಡುವುದು. ಇಲಿಯ ಹಿಕ್ಕೆ ಇಲ್ಲದ ಜಾಗದಲ್ಲಿ ಹುಳುವಿಗೆ ಈ ಜಂತು ತಗುಲುವ ದಾರಿಯೇ ಇಲ್ಲ. ಭತ್ತ, ಜೋಳ, ಮಂಡಕ್ಕಿ ಚೀಲಗಳನ್ನು ದಾಸ್ತಾನು ಮಾಡುವ ನಮ್ಮ ಊರಿನಲ್ಲಿ ಇಲಿಗಳಿಗೆ ಕೊರತೆಯಿಲ್ಲ. ಕಾಳುಕಡ್ಡಿಯನ್ನು ಮುಚ್ಚಳದ ಡಬ್ಬಿಯಲ್ಲಿಡಿ, ಬಿಲಗಳನ್ನು ಗಾಜಿನ ಚೂರು ಸೇರಿಸಿ ಸಿಮೆಂಟು ಹಾಕಿ ಮುಚ್ಚಿ, ವಿಷಕ್ಕಿಂತ ಬೋನು ಬಳಸಿ.

ಸಿಂಬಳದ ಹುಳು ಮನೆಗೆ ಬಂದರೆ ಅದು ಒಂದು ಸುದ್ದಿ ಹೇಳುತ್ತಿದೆ ಎಂದು ತಿಳಿಯಿರಿ: ಇಲ್ಲಿ ತೇವ ನಿಂತಿದೆ, ಎಲ್ಲೋ ಸಂದು ಬಿಟ್ಟಿದೆ. ಅದೇ ತೇವದಲ್ಲಿ ಗೋಡೆಗೆ ಬೂಷ್ಟು ಹಿಡಿದು ಉಬ್ಬಸದ ರೋಗಿಗೆ ರಾತ್ರಿ ಉಸಿರು ಕಟ್ಟುತ್ತದೆ. ಅದೇ ಸಂದಿನಿಂದ ಇಲಿಯೂ ಬರುತ್ತದೆ. ಇಲಿಯ ಮೂತ್ರ ಬೆರೆತ ನೀರಿನಲ್ಲಿ ಗಾಯದ ಕಾಲಿಟ್ಟರೆ ಇಲಿಜ್ವರ ತಗುಲಬಹುದು. ಮಳೆಗಾಲದಲ್ಲಿ, ಅದರಲ್ಲೂ ನೆರೆ ಇಳಿದ ಮೇಲೆ, ಹೆಚ್ಚು ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು, ಹಳದಿ ಮೂತ್ರ ಕಂಡರೆ ಸಾಮಾನ್ಯ ಜ್ವರವೆಂದು ಮಾತ್ರೆ ನುಂಗಿ ಮಲಗಬೇಡಿ. ಹುಳುವಿನ ಜಂತಿಗಿಂತ ನಮ್ಮಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆ ಇದು.

ಅಂಗಡಿಯಿಂದ ವಿಷ ತರುವ ಮೊದಲು ಒಂದು ಜಾಲರಿ, ಒಂದು ರಬ್ಬರ್ ಪಟ್ಟಿ, ಅರ್ಧ ಬುಟ್ಟಿ ಸಿಮೆಂಟು ತನ್ನಿ. ಒಂದು ಭಾನುವಾರದ ಕೆಲಸ. ಹುಳುವೂ ನಿಲ್ಲುತ್ತದೆ, ಮಗು ಇರುವ ಮನೆಯಲ್ಲಿ ವಿಷವೂ ಇರುವುದಿಲ್ಲ.